ಕುತ್ತಿಗೆಯಿಂದ ತಲೆಗೇರುವ ನೋವು

ತಲೆನೋವುಗಳನ್ನು ವೈದ್ಯಶಾಸ್ತ್ರವು ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸುತ್ತದೆ. ನೋವೇ ರೋಗವಾಗಿರುವ ಪ್ರಾಥಮಿಕ ತಲೆನೋವುಗಳು, ಅಂದರೆ ಅರೆತಲೆನೋವು ಎಂದು ರೂಢಿಯಲ್ಲಿರುವ ಮೈಗ್ರೇನ್ ಮತ್ತು ತಲೆಯ ಸುತ್ತಲೂ ಬಿಗಿದು ಹಿಡಿದಂತಾಗುವ ಬಿಗುಪಿನ ತಲೆನೋವು ಮೊದಲಾದವು ಒಂದು ಗುಂಪಿನಲ್ಲಿಯೂ, ದೇಹದ ಬೇರಾವುದೋ ತೊಂದರೆಯ ಲಕ್ಷಣವಾಗಿ ಬರುವ ದ್ವಿತೀಯಕ ತಲೆನೋವುಗಳು ಇನ್ನೊಂದರಲ್ಲಿಯೂ ಬರುತ್ತವೆ. ಕುತ್ತಿಗೆಯ ಮೇಲ್ಭಾಗದ ಕೀಲು, ಸ್ನಾಯು ಅಥವಾ ನರದಲ್ಲಿ ಹುಟ್ಟಿ ಹಣೆ, ಕಪಾಲ, ಕಣ್ಣಿನ ಹಿಂಭಾಗಗಳಲ್ಲಿ ಅನುಭವಕ್ಕೆ ಬರುವ ನೋವು ಈ ಎರಡನೆಯ ಗುಂಪಿಗೆ ಸೇರಿದ್ದು. ನಾರ್ವೆ ದೇಶದ ಟ್ರಾಂಡ್‌ಹೈಮ್ ನಗರದ ನರರೋಗ ತಜ್ಞ ಒಟ್ಟಾರ್ ಸ್ಯಾಸ್ತಾದ್ 1983ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ‘ಸರ್ವಿಕೋಜೆನಿಕ್ ತಲೆನೋವು’ ಎಂದು ಕರೆದರು; ಕನ್ನಡದಲ್ಲಿ ಕುತ್ತಿಗೆಮೂಲದ ತಲೆನೋವು ಎನ್ನಬಹುದು. ಹೀಗೊಂದು ರೋಗ ಇದೆಯೇ ಎಂಬ ಬಗ್ಗೆಯೇ ತಲೆನೋವಿನ ತಜ್ಞರಲ್ಲಿ ಬಹುಕಾಲ ಜಗ್ಗಾಟ ನಡೆಯಿತಾದರೂ, 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ ಖಚಿತವಾದ ಸ್ಥಾನವೂ ನಿಯಮಗಳೂ ಇವೆ.

ಎಲ್ಲಿಯದೋ ನೋವು ಎಲ್ಲಿಯೋ ಕಾಣಿಸಿಕೊಳ್ಳುವುದಕ್ಕೆ ನರಗಳ ಜೋಡಣೆಯೇ ಕಾರಣ. ಮುಖ ಮತ್ತು ಹಣೆಯ ಸಂವೇದನೆಯನ್ನು ಮೆದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ತಂತುಗಳು ಮೆದುಳಿನ ಕಾಂಡದಿಂದ ಕೆಳಗಿಳಿದು ಕುತ್ತಿಗೆಯ ಮೇಲ್ಭಾಗದ ಬೆನ್ನುಹುರಿಯವರೆಗೂ ಬರುತ್ತವೆ; ಕುತ್ತಿಗೆಯ ಮೊದಲ ಮೂರು ಜೊತೆ ನರಗಳು ಬಂದು ಸೇರುವುದೂ ಅಲ್ಲಿಯೇ, ಎಷ್ಟೋ ವೇಳೆ ಅದೇ ನರಕೋಶಗಳಿಗೇ. ಎರಡು ಕಡೆಯ ಸುದ್ದಿಯನ್ನು ಒಂದೇ ನರಕೋಶ ಮೇಲಕ್ಕೆ ಸಾಗಿಸುವುದರಿಂದ ಎರಡನೆಯ ಮತ್ತು ಮೂರನೆಯ ಕಶೇರುಗಳ ನಡುವಿನ ಕೀಲು ನೋಯುತ್ತಿರುವಾಗ ಮೆದುಳು ಅದನ್ನು ಹುಬ್ಬಿನ ಮೇಲಿನ ನೋವೆಂದೇ ಓದಿಕೊಳ್ಳುತ್ತದೆ. ಕಶೇರು ಎಂದರೆ ಬೆನ್ನೆಲುಬಿನ ಒಂದೊಂದು ಬಿಡಿ ಮೂಳೆ. ಕುತ್ತಿಗೆಯಲ್ಲಿ ಅಂಥವು ಏಳು. ತಲೆಬುರುಡೆಯನ್ನು ಹೊತ್ತಿರುವ ಮೊದಲನೆಯದು ಅಟ್ಲಾಸ್, ಅದರ ಕೆಳಗಿನದು ಆಕ್ಸಿಸ್. ಕುತ್ತಿಗೆ ಎಡಬಲಕ್ಕೆ ತಿರುಗುವುದರಲ್ಲಿ ಸರಿಸುಮಾರು ಅರ್ಧದಷ್ಟು ಇವೆರಡರ ನಡುವಿನ ಒಂದೇ ಕೀಲಿನಲ್ಲಿ ನಡೆಯುತ್ತದೆ. ತಲೆನೋವಿನ ಲೆಕ್ಕದಲ್ಲಿ ಮುಖ್ಯವಾಗುವುದು ಈ ಮೇಲಿನ ಮೂರು ಕಶೇರುಗಳೇ ಹೊರತು ಕೆಳಗಿನ ನಾಲ್ಕು ಅಲ್ಲ ಎಂಬ ಸಂಗತಿಯನ್ನು ಇಲ್ಲಿ ನೆನಪಿನಲ್ಲಿಡಬೇಕು, ಏಕೆಂದರೆ ರೋಗನಿರ್ಣಯ ದಾರಿ ತಪ್ಪುವುದು ಹೆಚ್ಚಾಗಿ ಇದೇ ತಿರುವಿನಲ್ಲಿ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಜೀವನೋಪಾಯಗಳನ್ನು ಗಮನಿಸಿದರೆ ಕುತ್ತಿಗೆಗೆ ಬಿಡುವು ಕೊಡದ ಕೆಲಸಗಳು ಇಲ್ಲಿ ಎಷ್ಟೊಂದು ಎಂಬುದು ತಿಳಿಯುತ್ತದೆ. ಬೀಡಿ ಕಟ್ಟುವುದು ಇಲ್ಲಿಯ ಸಾವಿರಾರು ಮನೆಗಳ ಹೆಂಗಸರಿಗೆ ತಲೆಮಾರುಗಳಿಂದ ಕೈಗೆ ನಾಲ್ಕು ಕಾಸು ತಂದುಕೊಟ್ಟ ಕಸುಬು. ತುಳುವಿನಲ್ಲಿ ತಡ್ಪೆ ಎನ್ನುವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು ಹರಡಿಕೊಂಡು, ಗಲ್ಲ ಎದೆಗೆ ತಾಗುವಷ್ಟು ಬಗ್ಗಿ, ಕೈಬೆರಳುಗಳು ಮಾತ್ರ ಓಡುತ್ತಿರುವಂತೆ ತಾಸುಗಟ್ಟಲೆ ಕುಳಿತಿರುವುದು ಈ ಕೆಲಸದ ಭಂಗಿ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ಲೆಕ್ಕವಾಗುವುದರಿಂದಲೂ, ಕಟ್ಟಿದ್ದನ್ನು ಹೊತ್ತಿಗೆ ಸರಿಯಾಗಿ ಬೀಡಿ ಬ್ರಾಂಚಿಗೆ ಮುಟ್ಟಿಸಬೇಕಾದ್ದರಿಂದಲೂ ನಡುವೆ ಎದ್ದರೆ ಸಂಪಾದನೆಗೇ ಕತ್ತರಿ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕೆಲಸದ ಷರತ್ತುಗಳಿಗೆ 1966ರಲ್ಲಿಯೂ, ಬೀಡಿ ಕಾರ್ಮಿಕರ ಕ್ಷೇಮನಿಧಿಗೆ 1976ರಲ್ಲಿಯೂ ಕಾಯ್ದೆಗಳು ಬಂದವಾದರೂ, ತಮ್ಮ ಮನೆಯ ಜಗಲಿಯಲ್ಲೇ ಕುಳಿತು ಕಟ್ಟುವವರ ಕುತ್ತಿಗೆಯ ಬಾಗನ್ನು ಯಾವ ಕಾಯ್ದೆಯೂ ನೇರವಾಗಿಸಲಾರದು.

ಅಡಿಕೆ ತೋಟದ ಕೆಲಸ ಇದಕ್ಕೆ ಉಲ್ಟಾ ಭಂಗಿಯನ್ನು ಬೇಡುತ್ತದೆ. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮತ್ತು ಗೊನೆ ತೆಗೆಯಲು ಮರ ಹತ್ತುವವರು ಸಿಗದೆ ಹೋದಾಗ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಕರಾವಳಿಯ ತೋಟಗಳಿಗೆ ಬಂದಿತು. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಭಯವನ್ನು ಅದು ಕಡಿಮೆ ಮಾಡಿತು, ಇದು ಸಣ್ಣ ಉಪಕಾರವೇನಲ್ಲ. ಆದರೆ ದೋಟಿ ಹಿಡಿದವನು ನೆಲದ ಮೇಲೆ ನಿಂತು, ಮರದ ತುದಿಯ ಗೊನೆಯ ಮೇಲೆ ಕಣ್ಣು ನೆಟ್ಟು, ತಲೆಯನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ತೋಳುಗಳನ್ನು ಮೇಲೆತ್ತಿಕೊಂಡೇ ಮರದಿಂದ ಮರಕ್ಕೆ ಸಾಗಬೇಕಾಗುತ್ತದೆ. ಮೇಲಿನ ಮೂರು ಕಶೇರುಗಳ ಹಿಂಬದಿಯ ಕೀಲುಗಳು ಒಂದರ ಮೇಲೊಂದು ಒತ್ತಿ ಕೂರುವುದು ಇಂಥ ಭಂಗಿಯಲ್ಲಿಯೇ. ಇವಲ್ಲದೆ ಸಿಂಬೆಯ ಮೇಲೆ ಸೊಪ್ಪಿನ ಹೊರೆ ಹೊರುವುದು, ಮುರಕಲ್ಲನ್ನು ತಲೆಯ ಮೇಲೆ ಸಾಗಿಸುವುದು, ವಿದ್ಯಾರ್ಥಿಗಳ ಊರೇ ಆಗಿಬಿಟ್ಟಿರುವ ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆನ್ನು ಬಾಗಿಸಿ ಓದುವುದು ಎಲ್ಲವೂ ಇದೇ ಪಟ್ಟಿಗೆ ಸೇರುತ್ತವೆ.

ಭಂಗಿಯ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಮಾತ್ರ ಸರಿಯಲ್ಲ. ಮೊಬೈಲ್ ನೋಡಲು ತಲೆಯನ್ನು 60 ಡಿಗ್ರಿ ಬಾಗಿಸಿದರೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಅದು 2014ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕಾಚಾರವೇ ಹೊರತು ಬದುಕಿರುವ ಮನುಷ್ಯರ ಕುತ್ತಿಗೆಯಲ್ಲಿ ಅಳೆದು ಕಂಡುಕೊಂಡದ್ದಲ್ಲ. ಒಂದೇ ಚಾವಡಿಯಲ್ಲಿ ಒಂದೇ ರೀತಿ ಕುಳಿತು ಬೀಡಿ ಕಟ್ಟುವ ಅತ್ತೆ ಸೊಸೆಯರಲ್ಲಿ ಒಬ್ಬರಿಗೆ ನೋವಿದ್ದು ಇನ್ನೊಬ್ಬರಿಗೆ ಇಲ್ಲದಿರುವುದು ಸಾಧ್ಯ. ಬಾಗಿದ್ದಕ್ಕಿಂತ ಬಾಗಿದ ಸ್ಥಿತಿಯಲ್ಲಿ ಅಲುಗಾಡದೆ ಎಷ್ಟು ಹೊತ್ತು ಇದ್ದುದು, ಅಷ್ಟು ಹೊತ್ತನ್ನು ತಾಳಿಕೊಳ್ಳುವ ಶಕ್ತಿ ಕುತ್ತಿಗೆಯ ಆಳದ ಸ್ನಾಯುಗಳಿಗೆ ಇದೆಯೇ ಇಲ್ಲವೇ ಎನ್ನುವುದು ಹೆಚ್ಚು ಮುಖ್ಯ. ವಾಹನಕ್ಕೆ ಹಿಂದಿನಿಂದ ಬೇರೆ ವಾಹನ ಗುದ್ದಿ ತಲೆ ಒಮ್ಮೆಲೇ ಹಿಂದಕ್ಕೂ ಮುಂದಕ್ಕೂ ಬೀಸಿದಂತಾಗಿ ಆಗುವ ಪೆಟ್ಟಿನ ನಂತರ ಬರುವ ತಲೆನೋವಿನಲ್ಲಿ ಎರಡನೆಯ ಮತ್ತು ಮೂರನೆಯ ಕಶೇರುಗಳ ನಡುವಿನ ಕೀಲಿನ ಪಾತ್ರ ದೊಡ್ಡದೆಂದು 1990ರ ದಶಕದಲ್ಲಿ ಆಸ್ಟ್ರೇಲಿಯಾದ ನಿಕೊಲಾಯ್ ಬಾಗ್ಡುಕ್ ಮತ್ತು ಸಂಗಡಿಗರು ನರಕ್ಕೆ ಮರಗಟ್ಟಿಸುವ ಮದ್ದು ಚುಚ್ಚಿ ತೋರಿಸಿಕೊಟ್ಟರು.

ಕುತ್ತಿಗೆಮೂಲದ ತಲೆನೋವು ಎಷ್ಟು ಜನರಲ್ಲಿದೆ ಎಂಬುದಕ್ಕೆ ಸ್ಯಾಸ್ತಾದ್ ಅವರೇ ನಾರ್ವೆಯ ವೋಗೊ ಎಂಬ ಬೆಟ್ಟಸೀಮೆಯ ಹಳ್ಳಿಪ್ರದೇಶದಲ್ಲಿ 1,838 ಜನರನ್ನು ಖುದ್ದಾಗಿ ವಿಚಾರಿಸಿ, ಪರೀಕ್ಷಿಸಿ ಕೊಟ್ಟ ಉತ್ತರ ನೂರಕ್ಕೆ ಸುಮಾರು ನಾಲ್ವರು ಎಂಬುದು. ಇದರ ಪಕ್ಕದಲ್ಲಿ ಕರ್ನಾಟಕದ ಒಂದು ಅಂಕಿಯನ್ನು ಇಟ್ಟು ನೋಡಬೇಕು. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ 18ರಿಂದ 65 ವಯಸ್ಸಿನ 2,329 ಜನರನ್ನು ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಸಮೀಕ್ಷಿಸಿದಾಗ ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿದ್ದವರು ನೂರಕ್ಕೆ 64ರಷ್ಟು, ಮೈಗ್ರೇನ್ ಇದ್ದವರು ನೂರಕ್ಕೆ 25ರಷ್ಟು ಕಂಡುಬಂದರು; ನಗರಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚಿತ್ತು. ತಲೆನೋವೆಂದು ಬಂದವರಲ್ಲಿ ಕುತ್ತಿಗೆಮೂಲದವರಿಗಿಂತ ಮೈಗ್ರೇನಿನವರೇ ಬಹುಪಾಲು ಇರುತ್ತಾರೆ ಎಂಬ ಎಚ್ಚರ ಚಿಕಿತ್ಸಕನಿಗೆ ಇರಲೇಬೇಕೆಂಬುದು ಇದರಿಂದ ಸ್ಪಷ್ಟ. ಮೈಗ್ರೇನ್ ಇರುವವರಲ್ಲಿ ಹೆಚ್ಚಿನವರಿಗೆ ನೋವಿನ ದಿನಗಳಲ್ಲಿ ಕುತ್ತಿಗೆಯೂ ಹಿಡಿದುಕೊಳ್ಳುವುದರಿಂದ, ‘ಕುತ್ತಿಗೆ ನೋಯುತ್ತದೆ, ತಲೆಯೂ ನೋಯುತ್ತದೆ’ ಎಂದ ಮಾತ್ರಕ್ಕೆ ಮೂಲ ಕುತ್ತಿಗೆಯೆಂದು ತೀರ್ಮಾನಿಸುವಂತಿಲ್ಲ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಕುತ್ತಿಗೆಮೂಲದ ನೋವು ಸಾಮಾನ್ಯವಾಗಿ ಒಂದೇ ಬದಿಗೆ ಅಂಟಿಕೊಂಡಿರುತ್ತದೆ, ಇವತ್ತು ಎಡಕ್ಕೆ ನಾಳೆ ಬಲಕ್ಕೆ ಎಂದು ಹಾರುವುದಿಲ್ಲ. ಹೆಡತಲೆಯಲ್ಲಿ ಶುರುವಾಗಿ ಮುಂದಕ್ಕೆ ಹರಡುತ್ತದೆ. ಕುತ್ತಿಗೆಯನ್ನು ಒಂದು ಕಡೆ ತಿರುಗಿಸಿದಾಗ ಅಥವಾ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದಾಗ ಏರುತ್ತದೆ. ಅದೇ ಬದಿಯ ಹೆಗಲು ತೋಳುಗಳಲ್ಲಿ ಮಂದವಾದ ಸೆಳೆತವೂ ಇರಬಹುದು. ವಾಂತಿ ಬಂದಂತಾಗುವುದು, ಬೆಳಕು ಸದ್ದುಗಳನ್ನು ಸಹಿಸಲಾಗದೆ ಕತ್ತಲೆ ಕೋಣೆ ಹುಡುಕುವುದು ಎದ್ದು ಕಾಣುವಂತಿದ್ದರೆ ಮೈಗ್ರೇನಿನ ಕಡೆಗೆ ಯೋಚಿಸಬೇಕು. ರಾತ್ರಿಯಿಡೀ ನಡೆಯುವ ತೆಂಕುತಿಟ್ಟಿನ ಯಕ್ಷಗಾನ ಆಟದಲ್ಲಿ ಕೇಸರಿ ತಟ್ಟಿಯಂಥ ಭಾರದ ತಲೆಸಾಮಗ್ರಿ ಕಟ್ಟಿಕೊಳ್ಳುವ ಬಣ್ಣದ ವೇಷಧಾರಿಗೆ ಬೆಳಗಿನ ಜಾವ ಬರುವ ತಲೆನೋವಿಗೆ ಕನಿಷ್ಠ ಮೂರು ವಿವರಣೆಗಳು ಸಾಧ್ಯ: ಬಿಗಿಯಾದ ಕಟ್ಟು ತಲೆಯ ಚರ್ಮದ ನರಗಳನ್ನು ಅದುಮಿ ಬರುವ ನೋವು, ನಿದ್ದೆಗೆಟ್ಟು ಕೆರಳಿದ ಮೈಗ್ರೇನ್, ಭಾರ ಹೊತ್ತು ದಣಿದ ಕುತ್ತಿಗೆಯ ನೋವು. ಕಟ್ಟು ಬಿಚ್ಚಿದ ಒಂದು ಗಂಟೆಯೊಳಗೆ ಇಳಿದುಹೋಗುವುದಾದರೆ ಮೊದಲನೆಯದು. ಅದಕ್ಕೆ ಕುತ್ತಿಗೆಯ ವ್ಯಾಯಾಮದಿಂದ ಉಪಯೋಗವಿಲ್ಲ.

ಎಕ್ಸ್‌ರೇ ಇಲ್ಲಿ ನೆರವಾಗುವುದಕ್ಕಿಂತ ಗೊಂದಲ ಎಬ್ಬಿಸುವುದೇ ಹೆಚ್ಚು. ನಲವತ್ತು ದಾಟಿದ ಯಾರ ಕುತ್ತಿಗೆಯ ಚಿತ್ರ ತೆಗೆದರೂ ಐದನೆಯ, ಆರನೆಯ, ಏಳನೆಯ ಕಶೇರುಗಳ ನಡುವೆ ಸವೆತ ಕಾಣುವ ಸಂಭವವೇ ಹೆಚ್ಚು. ನೋವೇ ಇಲ್ಲದವರಲ್ಲಿಯೂ ಅದು ಇರುತ್ತದೆ. ‘ಸ್ಪಾಂಡಿಲೋಸಿಸ್’ ಎಂಬ ಹೆಸರಿನ ಆ ಸವೆತವನ್ನು ತಲೆನೋವಿಗೆ ಕಾರಣವೆಂದು ಹೇಳಿಬಿಟ್ಟರೆ ರೋಗಿ ಕೊರಳಿಗೊಂದು ಕಾಲರ್ ಕಟ್ಟಿಕೊಂಡು, ಕುತ್ತಿಗೆ ಅಲುಗಿಸಿದರೆ ಇನ್ನಷ್ಟು ಸವೆದೀತೆಂದು ಹೆದರಿ ಕೂರುತ್ತಾನೆ. ತಲೆನೋವು ಹುಟ್ಟುವುದು ಮೇಲಿನ ಮೂರು ಕಶೇರುಗಳ ಮಟ್ಟದಲ್ಲಿ. ಚಿತ್ರದಲ್ಲಿ ಕಂಡ ಸವೆತ ಅದಕ್ಕಿಂತ ಬಹಳ ಕೆಳಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವ ಈ ಚಿಕಿತ್ಸೆಯಲ್ಲಿ ಕಾಲರಿನೊಳಗೆ ಕೆಲಸವಿಲ್ಲದೆ ಉಳಿದ ಸ್ನಾಯುಗಳು ಮತ್ತಷ್ಟು ಸೊರಗುತ್ತವೆ.

ಚಿತ್ರ ಹೇಳದ್ದನ್ನು ಫಿಸಿಯೋಥೆರಪಿಸ್ಟರ ಕೈ ಹೇಳಬಲ್ಲುದು. ರೋಗಿಯನ್ನು ಅಂಗಾತ ಮಲಗಿಸಿ, ತಲೆಯನ್ನು ಎರಡು ಕೈಗಳಲ್ಲಿ ಎತ್ತಿಕೊಂಡು, ಗಲ್ಲ ಎದೆಗೆ ಮುಟ್ಟುವಷ್ಟು ಕುತ್ತಿಗೆಯನ್ನು ಮಡಿಸಿದಾಗ ಕೆಳಗಿನ ಕಶೇರುಗಳೆಲ್ಲ ಬಿಗಿಗೊಂಡು ತಿರುಗದಂತಾಗುತ್ತವೆ. ಆ ಸ್ಥಿತಿಯಲ್ಲಿಯೇ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಸಿಗುವ ತಿರುವು ಬಹುಮಟ್ಟಿಗೆ ಅಟ್ಲಾಸ್ ಮತ್ತು ಆಕ್ಸಿಸ್ ನಡುವಿನದು. ಆರೋಗ್ಯವಂತರಲ್ಲಿ ಅದು ಪ್ರತಿ ಬದಿಗೆ ಸುಮಾರು 44 ಡಿಗ್ರಿ. ಒಂದು ಬದಿಯಲ್ಲಿ 32 ಡಿಗ್ರಿಯ ಆಸುಪಾಸಿಗೆ ಬಂದು ಗಟ್ಟಿಯಾಗಿ ನಿಂತುಬಿಟ್ಟರೆ ಆ ಕೀಲಿನಲ್ಲಿ ತಡೆಯಿದೆ ಎಂದರ್ಥ. ಬಳಿಕ ಬೆರಳ ತುದಿಯಿಂದ ಒಂದೊಂದು ಕಶೇರುವಿನ ಪಕ್ಕವನ್ನೂ ಮೆಲ್ಲಗೆ ಒತ್ತುತ್ತ ಹೋದಾಗ ಯಾವುದೋ ಒಂದು ಕಡೆ ರೋಗಿ ‘ಇದೇ, ಇದೇ ಹಣೆಗೆ ಬರುವ ನೋವು’ ಎನ್ನುವುದುಂಟು. ಪರಿಚಿತ ನೋವೇ ಹೀಗೆ ಕೈಯಡಿಯಲ್ಲಿ ಮರುಕಳಿಸುವುದು ಯಾವ ಸ್ಕ್ಯಾನಿಗಿಂತಲೂ ಹತ್ತಿರದ ಸುಳಿವು. ಪೂರ್ತಿ ಖಚಿತವಾಗಬೇಕಾದರೆ ನರಕ್ಕೆ ಮದ್ದು ಚುಚ್ಚಿ ನೋವು ಅಡಗುತ್ತದೆಯೇ ಎಂದು ನೋಡಬೇಕು, ಅದು ದೊಡ್ಡ ಆಸ್ಪತ್ರೆಯ ಕೆಲಸ.

ಪರೀಕ್ಷೆಯ ಮೂರನೆಯ ಭಾಗ ಸ್ನಾಯುಗಳದು. ಕುತ್ತಿಗೆಯ ಮುಂಭಾಗದಲ್ಲಿ, ಅನ್ನನಾಳದ ಹಿಂದೆ, ಕಶೇರುಗಳಿಗೆ ಅಂಟಿಕೊಂಡಂತೆ ಇರುವ ಉದ್ದನೆಯ ಎರಡು ಜೊತೆ ಸ್ನಾಯುಗಳು ತಲೆಯನ್ನು ‘ಹೌದು’ ಎನ್ನುವಂತೆ ಸ್ವಲ್ಪವೇ ತಗ್ಗಿಸುತ್ತವೆ ಮತ್ತು ಕಶೇರುಗಳನ್ನು ಸ್ಥಿರವಾಗಿ ಹಿಡಿದಿಡುತ್ತವೆ. ಕುತ್ತಿಗೆಮೂಲದ ತಲೆನೋವಿನಲ್ಲಿ ಇವು ಸೋತಿರುತ್ತವೆ, ಇವುಗಳ ಕೆಲಸವನ್ನು ಹೊರಗಿನ ದೊಡ್ಡ ಸ್ನಾಯುಗಳು ಮೈಮೇಲೆ ಎಳೆದುಕೊಂಡಿರುತ್ತವೆ. ಮಲಗಿದ ರೋಗಿಯ ಕುತ್ತಿಗೆಯ ಕೆಳಗೆ ಗಾಳಿ ತುಂಬಿದ ಪುಟ್ಟ ಚೀಲವಿಟ್ಟು, ಅದರ ಒತ್ತಡವನ್ನು 20 ಮಿಲಿಮೀಟರ್ ಪಾದರಸಕ್ಕೆ ನಿಲ್ಲಿಸಿ, ತಲೆ ಎತ್ತದೆ ಗಲ್ಲವನ್ನು ಮಾತ್ರ ಮೆಲ್ಲಗೆ ತಗ್ಗಿಸಿ 22, 24 ಎಂದು ಎರಡೆರಡರಂತೆ 30ರವರೆಗೆ ಏರಿಸಿ, ಪ್ರತಿ ಹಂತದಲ್ಲಿ ಹತ್ತು ಸೆಕೆಂಡು ನಿಲ್ಲಿಸಲು ಹೇಳಲಾಗುತ್ತದೆ. ನೋಡುವವರಿಗೆ ಇದೊಂದು ವ್ಯಾಯಾಮವೆಂದೇ ಅನ್ನಿಸದು; ಆದರೂ ತೋಟದಲ್ಲಿ ದಿನವಿಡೀ ದುಡಿಯುವ ಗಟ್ಟಿಮುಟ್ಟಾದ ಆಳೂ 24ರ ಆಚೆ ಹೋಗಲಾರದೆ ಗಂಟಲ ಸ್ನಾಯುಗಳನ್ನು ಬಿಗಿದುಕೊಂಡು ನಡುಗುವುದುಂಟು.

ಚಿಕಿತ್ಸೆಗೆ ಆಧಾರವಾಗಿರುವ ಮುಖ್ಯ ಪ್ರಯೋಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ವೆಂಡೊಲೆನ್ ಜಲ್ ಮತ್ತು ಸಂಗಡಿಗರದು, 2002ರಲ್ಲಿ ಪ್ರಕಟವಾದದ್ದು. ಕುತ್ತಿಗೆಮೂಲದ ತಲೆನೋವಿನ 200 ಜನರನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಕೀಲುಗಳನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆ, ಒಂದಕ್ಕೆ ಮೇಲೆ ಹೇಳಿದ ಆಳದ ಸ್ನಾಯುಗಳ ಕಡಿಮೆ ಭಾರದ ತರಬೇತಿ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಯಾವುದೂ ಇಲ್ಲದೆ ಆರು ವಾರ ನಡೆಸಿ ಒಂದು ವರ್ಷದವರೆಗೆ ಗಮನಿಸಿದಾಗ, ಕೈಚಿಕಿತ್ಸೆಯೂ ವ್ಯಾಯಾಮವೂ ತಲೆನೋವಿನ ಪದೇಪದೇ ಬರುವಿಕೆಯನ್ನೂ ತೀವ್ರತೆಯನ್ನೂ ತಗ್ಗಿಸಿದ್ದು, ಆ ಗುಣ ವರ್ಷದ ಕೊನೆಯಲ್ಲೂ ಉಳಿದದ್ದು ಕಂಡುಬಂತು. ಎರಡನ್ನೂ ಸೇರಿಸಿದ್ದರಿಂದ ಲಭಿಸಿದ ಹೆಚ್ಚಿನ ಲಾಭ ಅಂಕಿಸಂಖ್ಯೆಯ ಒರೆಗೆ ನಿಲ್ಲುವಷ್ಟು ಇರಲಿಲ್ಲವಾದರೂ ನೂರಕ್ಕೆ ಹತ್ತು ಮಂದಿ ಹೆಚ್ಚಾಗಿ ಗುಣ ಕಂಡರು. ದೂರದ ಊರಿನಿಂದ ಬಸ್ಸು ಹಿಡಿದು ಬಿ.ಸಿ.ರೋಡಿಗೋ ಉಜಿರೆಗೋ ಬರಬೇಕಾದ, ಬಂದ ದಿನದ ಕೂಲಿ ಕಳೆದುಕೊಳ್ಳುವ ರೋಗಿಗೆ ಈ ಫಲಿತಾಂಶದ ಬೆಲೆ ಬೇರೆಯೇ ಆಗುತ್ತದೆ: ಮನೆಯಲ್ಲಿ ಮಾಡಿಕೊಳ್ಳಬಹುದಾದ ಅರ್ಧ ಭಾಗವೇ ಕೈಚಿಕಿತ್ಸೆಗೆ ಸರಿಸಮನಾಗಿ ನಿಲ್ಲುತ್ತದೆ. ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ ಈಗಲೂ ಕರೆಂಟು ಕೊಡುವುದು, ಬಿಸಿ ಶಾಖ, ಕುತ್ತಿಗೆ ಎಳೆಯುವ ಟ್ರ್ಯಾಕ್ಷನ್ ಇವಿಷ್ಟರಲ್ಲೇ ಹತ್ತು ದಿನದ ಕೋರ್ಸ್ ಮುಗಿಯುವುದುಂಟು. ಹಾಯೆನಿಸುವುದು ನಿಜ, ಆದರೆ ಯಂತ್ರದ ಕೆಳಗೆ ಸುಮ್ಮನೆ ಮಲಗಿದ್ದವನ ಆಳದ ಸ್ನಾಯು ಬಲಗೊಳ್ಳುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಇನ್ನೊಂದು ವಿಧಾನ ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ರೂಪಿಸಿದ್ದು. ತೆಳುವಾದ ಬೈರಾಸಿನ, ಅಂದರೆ ಟವೆಲಿನ, ಅಂಚನ್ನು ಹೆಡತಲೆಯ ಬುರುಡೆಯ ಸ್ವಲ್ಪ ಕೆಳಗೆ ತಡೆಯಿರುವ ಕಶೇರುವಿನ ಮಟ್ಟಕ್ಕೆ ಕೂರಿಸಿ, ತುದಿಯನ್ನು ಕೆನ್ನೆಯ ಮಟ್ಟದಲ್ಲಿ ಮುಂದಕ್ಕೆ ಹಗುರವಾಗಿ ಎಳೆದು ಹಿಡಿದು, ಬಿಗಿಯಾದ ಬದಿಗೆ ತಲೆಯನ್ನು ನೋವಾಗದಷ್ಟು ತಿರುಗಿಸುವುದು ಅದರ ಸಾರ. ಟೋಬಿ ಹಾಲ್ ಮತ್ತು ಸಂಗಡಿಗರು 2007ರಲ್ಲಿ 32 ಜನರ ಮೇಲೆ ಇದನ್ನು ಪರೀಕ್ಷಿಸಿ, ಹುಸಿ ಚಿಕಿತ್ಸೆ ಪಡೆದವರಿಗಿಂತ ಇವರಲ್ಲಿ ತಲೆನೋವು ಕಡಿಮೆಯಾದುದನ್ನು ಒಂದು ವರ್ಷದ ನಂತರವೂ ಕಂಡರು. ಬಟ್ಟೆಯ ಅಂಚು ಒಂದು ಕಶೇರು ಕೆಳಗೆ ಕೂತರೂ ಪ್ರಯೋಜನವಿಲ್ಲವಾದ್ದರಿಂದ ಮೊದಲ ಸಲ ತಿಳಿದವರ ಎದುರಿನಲ್ಲೇ ಕಲಿಯಬೇಕು. ಕ್ಷೌರದಂಗಡಿಯಲ್ಲಿ ತಲೆ ಮಾಲೀಶಿನ ಕೊನೆಗೆ ಗಲ್ಲ ಹಿಡಿದು ಫಕ್ಕನೆ ತಿರುಗಿಸಿ ನೆಟಿಗೆ ತೆಗೆಯುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮೆದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಮೇಲಿನ ಕಶೇರುಗಳ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. ಹಠಾತ್ ತಿರುಚಿನಿಂದ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಹತ್ತು ರೂಪಾಯಿ ಟಿಪ್ಸಿಗೆ ಸಿಗುವ ಈ ಸೇವೆಯನ್ನು ಬೇಡವೆನ್ನುವುದೇ ಮೇಲು.

ಈ ಸೀಮೆಗೆ ತಜ್ಞರ ಕೊರತೆಯೇನೂ ದೊಡ್ಡದಲ್ಲ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಫಿಸಿಯೋಥೆರಪಿ ಕಾಲೇಜನ್ನು ನಡೆಸುತ್ತಿದೆ. ಉಜಿರೆಯಲ್ಲಿ 1989ರಿಂದ ಧರ್ಮಸ್ಥಳದ ಆಶ್ರಯದಲ್ಲಿ ಪ್ರಕೃತಿಚಿಕಿತ್ಸೆ ಮತ್ತು ಯೋಗವಿಜ್ಞಾನದ ಕಾಲೇಜಿದೆ. ಮಂಗಳೂರು, ಮಣಿಪಾಲಗಳ ಕಾಲೇಜುಗಳು ಗಂಟೆ ಎರಡು ಗಂಟೆಯ ದಾರಿ. 2021ರ ರಾಷ್ಟ್ರೀಯ ಕಾಯ್ದೆಯೊಂದು ಫಿಸಿಯೋಥೆರಪಿಯನ್ನೂ ಒಳಗೊಂಡಂತೆ ಆರೋಗ್ಯಸೇವೆಯ ಹಲವು ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಯನ್ನು ಒಂದು ಆಯೋಗದ ಅಡಿಗೆ ತಂದಿದೆ. ಯೋಗದ ವಾತಾವರಣ ಗಟ್ಟಿಯಾಗಿರುವ ಕಡೆ ರೋಗಿಗಳು ಆಸನಗಳನ್ನು ತಾವೇ ಆಯ್ದುಕೊಳ್ಳುವುದೂ ಉಂಟು. ಹೆಗಲು ಬೆನ್ನುಗಳನ್ನು ತೆರೆಯುವ ಭುಜಂಗಾಸನದಂಥವು ಹಿತವಾದಾವು, ಆದರೆ ದೇಹದ ಭಾರವೆಲ್ಲ ಮಡಿಸಿದ ಕುತ್ತಿಗೆಯ ಮೇಲೆ ಬೀಳುವ ಸರ್ವಾಂಗಾಸನ, ಶೀರ್ಷಾಸನಗಳನ್ನು ನೋವಿರುವಷ್ಟು ಕಾಲ ಬಿಡಬೇಕು.

ಕೊರತೆ ಇರುವುದು ಕಸುಬಿಗೆ ಹೊಂದುವ ಸಲಹೆಯಲ್ಲಿ. ‘ಬಗ್ಗಬೇಡಿ, ಭಾರ ಎತ್ತಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಬೀಡಿ ಕಟ್ಟುವಾಕೆಗೆ ಹೇಳುವುದೆಂದರೆ ಸಂಪಾದನೆ ಬಿಡು ಎಂದು ಹೇಳಿದಂತೆ. ಅದನ್ನು ಆಕೆ ಪಾಲಿಸುವುದಿಲ್ಲ, ಪಾಲಿಸಬೇಕಾಗಿಯೂ ಇಲ್ಲ. ತೊಡೆಯ ಕೆಳಗೆ ಗಟ್ಟಿ ದಿಂಬಿಟ್ಟು ಅಥವಾ ಮೊರವನ್ನು ಗಿಡ್ಡ ಮಣೆಯ ಮೇಲಿಟ್ಟು ಒಂದು ಗೇಣು ಎತ್ತರಿಸುವುದು, ಗೋಡೆಗೆ ಬೆನ್ನು ಆನಿಸಿ ಕೂರುವುದು, ಒಂದೊಂದು ಕಟ್ಟು ಮುಗಿದಾಗ ಎದ್ದೇಳದೆಯೇ ಗಲ್ಲವನ್ನು ಹಿಂದಕ್ಕೆ ಸೇದಿ ಹತ್ತು ಎಣಿಸುವುದು ಇವು ಕೂಲಿಯನ್ನು ಕಳೆಯುವುದಿಲ್ಲ. ನಲವತ್ತು ದಾಟಿದವರಲ್ಲಿ ಹತ್ತಿರದ ದೃಷ್ಟಿ ಮಂಜಾಗಿ, ನೂಲಿನ ಗಂಟು ಕಾಣದೆ ಇನ್ನಷ್ಟು ಬಗ್ಗುವುದುಂಟು. ಅಂಥವರಿಗೆ ಮೊದಲ ಮದ್ದು ಕನ್ನಡಕ. ದೋಟಿ ಹಿಡಿಯುವವರು ಮರದ ಬುಡದಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತರೆ ತಲೆ ವಾಲಿಸಬೇಕಾದ ಕೋನ ಕಡಿಮೆಯಾಗುತ್ತದೆ. ಇಬ್ಬರು ಸರದಿಯಲ್ಲಿ ಹಿಡಿದರೆ ಇನ್ನೂ ಒಳ್ಳೆಯದು.

ಮೆಡಿಕಲ್ ಶಾಪಿನಿಂದ ಕೇಳಿ ತರುವ ಮಾತ್ರೆಯ ವಿಷಯದಲ್ಲೂ ಒಂದು ಎಚ್ಚರ ಬೇಕು. ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಹಲವು ಮದ್ದು ಬೆರೆಸಿದ ಮಾತ್ರೆಯನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ನುಂಗುತ್ತ ಬಂದರೆ ಮಾತ್ರೆಯೇ ತಲೆನೋವನ್ನು ಬೆಳೆಸತೊಡಗುತ್ತದೆ, ಆಗ ಕುತ್ತಿಗೆಗೆ ಎಷ್ಟೇ ಆರೈಕೆ ಮಾಡಿದರೂ ನೀರಿನಲ್ಲಿ ಹೋಮ. ಜ್ವರದೊಂದಿಗೆ ಬಂದ ತಲೆನೋವನ್ನಂತೂ ಫಿಸಿಯೋಥೆರಪಿಯ ಮೇಜಿನ ಮೇಲೆ ಮಲಗಿಸಲೇಬಾರದು. ಮಲೇರಿಯಾ, ಡೆಂಗಿಗಳ ಕರಾವಳಿಯಿದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಹಬ್ಬಿದಾಗಲೂ ಅದರ ಮೊದಲ ಲಕ್ಷಣಗಳು ಹಠಾತ್ ಜ್ವರ ಮತ್ತು ತೀವ್ರ ತಲೆನೋವೇ ಆಗಿದ್ದವು. ಸಿಡಿಲೆರಗಿದಂತೆ ಒಮ್ಮೆಲೇ ಬಂದ ನೋವು, ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಕೈಕಾಲಿನ ಬಲಹೀನತೆ, ಐವತ್ತರ ನಂತರ ಮೊದಲ ಬಾರಿಗೆ ಹುಟ್ಟಿಕೊಂಡ ತಲೆನೋವು ಇವೆಲ್ಲ ನೇರವಾಗಿ ವೈದ್ಯರ ಬಳಿ ಹೋಗಬೇಕಾದವು.

ಆರು ವಾರಗಳ ಬಳಿಕ ಫಿಸಿಯೋಥೆರಪಿಸ್ಟ್ ಅದೇ ಮಡಿಸಿದ ಕುತ್ತಿಗೆಯ ತಿರುವನ್ನು ಮತ್ತೆ ಅಳೆಯಬೇಕು, ರೋಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ತಲೆನೋವಿನ ದಿನಗಳನ್ನು ಎಣಿಸಬೇಕು. ತಿರುವು ಸರಿಹೋಗಿ ನೋವಿನ ದಿನಗಳೂ ಇಳಿದಿದ್ದರೆ ರೋಗನಿರ್ಣಯ ಸರಿಯಿತ್ತು, ವ್ಯಾಯಾಮವನ್ನು ಮುಂದುವರಿಸಿದರಾಯಿತು. ತಿರುವು ಸರಿಹೋಗಿಯೂ ತಲೆನೋವು ಹಾಗೆಯೇ ಉಳಿದಿದ್ದರೆ ಮೂಲ ಕುತ್ತಿಗೆಯಲ್ಲಿ ಇರಲಿಲ್ಲವೆಂದು ತಿಳಿದು, ಮತ್ತೆ ಹತ್ತು ದಿನದ ಕೋರ್ಸ್ ಬರೆಯದೆ, ರೋಗಿಯನ್ನು ನರರೋಗ ತಜ್ಞರ ಬಳಿಗೆ ಕಳಿಸಬೇಕು.